ಕೀಲಿ ಬಿದ್ದ ಮೇಲಿನ ಹೊತ್ತು

ಸಹಿ ಹಾಕಲೆಂದು ಪೆನ್ನಿನ ಟೋಪಿ ತೆಗೆದು ಹತ್ತು ನಿಮಿಷವಾಗಿತ್ತು. ಶಿವಕಾಂತಾ ಟೋಪಿ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಸಹಿ ಮಾತ್ರ ಬೀಳಲಿಲ್ಲ.

ಎದುರಿಗಿದ್ದದ್ದು ಒಂದೇ ಹಾಳೆ. ಮೂವರು ಅಂಗಡಿಯವರು ಪರೀಕ್ಷೆಗೆಂದು ತಂದಿಟ್ಟ ಮೂರು ಕಂಪ್ಯೂಟರುಗಳು, ಅವಕ್ಕೆ ಬಿದ್ದ ಅಂಕ, ಕೆಳಗೆ ‘ತಂಡದ ಮುಖ್ಯಸ್ಥರ ಆಯ್ಕೆ’ ಎಂದು ಬರೆದು ಬಿಟ್ಟ ಖಾಲಿ ಜಾಗ. ಇವು ಅರ್ಜಿ ಟೈಪು ಮಾಡುವ ಕಂಪ್ಯೂಟರುಗಳಲ್ಲ. ಸಾವಿರಾರು ಫೋಟೋಗಳನ್ನು ಒಂದಕ್ಕೊಂದು ಹೊಲಿದು, ಅವುಗಳೊಳಗಿನ ಒಂದೊಂದು ಗಿಡವನ್ನೂ ಎಣಿಸಬಲ್ಲ ವರ್ಕ್‌ಸ್ಟೇಷನ್‌ಗಳು. ಒಳಗಿನ ಗ್ರಾಫಿಕ್ಸ್ ಕಾರ್ಡು ಒಂದೊಂದೂ ಇಟ್ಟಿಗೆಯಷ್ಟು ದಪ್ಪ.

“ಮೇಡಮ್ರಿ, ದೀಡಕ್ಕ ಐದು ಮಿನಿಟ ಅದ,” ಎಂದು ಬಾಗಿಲಲ್ಲಿ ಕಸ್ತೂರಿಬಾಯಿಯ ದನಿ. ಹಿಂದೆಯೇ ಕೀಲಿಕೈ ಗೊಂಚಲಿನ ಸದ್ದು. ಏಪ್ರಿಲ್, ಮೇ ಎರಡು ತಿಂಗಳು ಈ ಕಡೆಯ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಮೇಲಿನ ಬಿಸಿಲು ಮನುಷ್ಯರಿಗಲ್ಲ. ಸೂಪರಿಂಟೆಂಡೆಂಟ್ ಕಸ್ತೂರಿಬಾಯಿ ಇಪ್ಪತ್ತೆಂಟು ವರ್ಷದಿಂದ ಒಂದೂವರೆ ಅಂದರೆ ಒಂದೂವರೆಗೇ ಕೀಲಿ ಜಡಿದವಳು.

“ಗೊತ್ತದ ಬಾಯಿಯವರ.”

“ಗೊತ್ತಿದ್ರ ಏಳ್ರಿ ಮತ್ತ. ಸಹಿ ನಾಳೆನೂ ಹಾಕಬಹುದು. ಬಿಸಲಾಗ ತಲಿ ತಿರುಗಿ ಬಿದ್ರ ನಾಳೆ ಯಾರು ಹಾಕ್ತಾರ?”

ಪಕ್ಕದ ಮೇಜಿನಲ್ಲಿದ್ದ ಧರ್ಮರಾಜ ನಕ್ಕ. ಗಿಡ ಎಣಿಸುವ ಪ್ರೋಗ್ರಾಂ ಬರೆದವನು ಅವನೇ. ಮೂವತ್ತರ ಹುಡುಗ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. “ಇದರಾಗ ವಿಚಾರ ಮಾಡೂದು ಏನದ ಮೇಡಂ? ಅಮರನಾಥ ಅವರ ಮಷೀನು ತಾಸಿಗೆ ಮುನ್ನೂರು ಫೋಟೋ ಮುಗಸ್ತದ. ಎರಡನೇದು ಎರಡನೂರಾ ನಲವತ್ತು. ಅಲ್ತಾಫಂದು ಎರಡನೂರಾ ಇಪ್ಪತ್ತು. ಸಾಲಿ ಹುಡುಗನ್ನ ಕೇಳಿದ್ರೂ ಯಾವುದು ತಗೋಬೇಕಂತ ಹೇಳ್ತಾನ.”

“ಹಂಗಾದ್ರ ಸಾಲಿ ಹುಡುಗನ ಸಹೀನೇ ತಗೋ,” ಎಂದಳು ಶಿವಕಾಂತಾ. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದಳು.

ಏನೋ ತಪ್ಪಿದೆ ಎಂದು ಅವಳಿಗೆ ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ತೊಗರಿ ಸಿಪ್ಪೆಯ ಹಾಗೆ. ಕಣ್ಣಿಗೆ ಕಾಣದು, ನಾಲಗೆಯನ್ನು ಸುಮ್ಮನಿರಲೂ ಬಿಡದು.

ಹೊರಡುವ ಮುಂಚೆ ಮೂರೂ ಯಂತ್ರಗಳನ್ನು ಇನ್ನೊಮ್ಮೆ ನೋಡಿದಳು. ಕಲಬುರಗಿಯಿಂದ ಅಮರನಾಥ ತಂದದ್ದಕ್ಕೆ ಒಂದು ಬದಿ ಪೂರಾ ಗಾಜು. ಒಳಗೆ ಎರಡು ಕಾರ್ಡು, ನೀಲಿ ನೇರಳೆ ದೀಪ, ನೋಡಿದರೆ ಮದುವೆ ಮಂಟಪ. ಎರಡನೆಯದು ಕಂಪನಿಯ ಸಿದ್ಧ ಪೆಟ್ಟಿಗೆ, ಬೂದಿ ಬಣ್ಣ, ಹೊಗಳಲೂ ಏನಿಲ್ಲ ಬೈಯಲೂ ಏನಿಲ್ಲ. ಮೂರನೆಯದು ಆಳಂದ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿಯಿಟ್ಟ ಅಲ್ತಾಫ ತನ್ನ ಕೈಯಾರೆ ಜೋಡಿಸಿದ್ದು. ಅವನ ಗಿರಾಕಿಗಳು ಮದುವೆಯ ವಿಡಿಯೋದವರು, ಫ್ಲೆಕ್ಸ್ ಬ್ಯಾನರಿನವರು. ಕರೀ ತಗಡಿನ ಡಬ್ಬ, ಎಲ್ಲಿ ನೋಡಿದರಲ್ಲಿ ಫ್ಯಾನು, ಫ್ಯಾನಿನ ಬಾಯಿಗೆಲ್ಲ ಸೊಳ್ಳೆಪರದೆ ಕತ್ತರಿಸಿ ಅಂಟಿಸಿದ್ದ. ಮೊದಲ ದಿನ ಅದನ್ನು ನೋಡಿ ಧರ್ಮರಾಜ, “ಏನ್ ಅಲ್ತಾಫ ಭಾಯಿ, ಇದು ಕಂಪ್ಯೂಟರೋ ಕೂಲರೋ? ನೀರು ಎಲ್ಲಿ ಹಾಕಬೇಕು?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಅಲ್ತಾಫನೂ ನಕ್ಕಿದ್ದ.

ಕಸ್ತೂರಿಬಾಯಿ ಎಸಿ ಆರಿಸಿ, ಮೇನ್ ಸ್ವಿಚ್ಚು ಆರಿಸಿ, ಕಿಟಕಿಗಳ ಚಿಲಕ ನೋಡಿ ಕೀಲಿ ಹಾಕಿದಳು. ಗಡಿಯಾರ ನೋಡಬೇಕಾಗಿರಲಿಲ್ಲ.

ಆಳಂದದ ಆ ಕಚೇರಿಯಲ್ಲಿ ತೊಗರಿಯ ಮೇಲೆ ಸಂಶೋಧನೆ ಮಾಡುವ ಸಣ್ಣ ತಂಡವೊಂದಿತ್ತು. ಎರಡು ಕೋಣೆ, ನಾಲ್ಕು ಜನ, ಒಂದು ಡ್ರೋನು. ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ, ಅಫಜಲಪುರ ತಾಲೂಕಿನ ಚೌಡಾಪುರದಲ್ಲಿ, ಜೇವರ್ಗಿಯ ಹತ್ತಿರದ ಒಂದು ಹೊಲದಲ್ಲಿ ಅವರ ಪರೀಕ್ಷೆಯ ಬೆಳೆ. ಒಂದೊಂದು ಕಡೆಯೂ ಹನ್ನೆರಡು ತಳಿ. ಹೂವಿನ ಹೊತ್ತಿಗೆ ಸರಿಯಾಗಿ ಹಸಿರು ಗಿಡ ನಿಂತಲ್ಲೇ ಒಣಗಿಹೋಗುವ ನೆಟೆರೋಗವನ್ನು ಯಾವ ಮಣ್ಣಿನಲ್ಲಿ ಯಾವ ತಳಿ ತಡೆದುಕೊಳ್ಳುತ್ತದೆ ಎಂಬುದು ಪ್ರಶ್ನೆ. ಬಿತ್ತನೆಯಿಂದ ಕೊಯ್ಲಿನವರೆಗೆ ವಾರ ವಾರ ಡ್ರೋನು ಹಾರಿಸಿ ತೆಗೆದ ಫೋಟೋ ಒಂದು ಲಕ್ಷದ ಹತ್ತಿರ. ಉತ್ತರ ಆ ಫೋಟೋಗಳಲ್ಲಿತ್ತು. ಹೊರಗೆ ತೆಗೆಯಲು ಯಂತ್ರ ಇರಲಿಲ್ಲ.

ಹೋದ ವರ್ಷ ಹಿಂದಿನ ಬೆಳೆಯ ಫೋಟೋಗಳನ್ನು ಡಿಸ್ಕಿಗೆ ತುಂಬಿ ದೂರದ ದೊಡ್ಡ ಸಂಸ್ಥೆಯೊಂದಕ್ಕೆ ಕಳಿಸಿದ್ದರು. ಅಲ್ಲಿ ಸರದಿ. ಉತ್ತರ ಬಂದದ್ದು ಆಗಸ್ಟಿನಲ್ಲಿ. ಅಷ್ಟರೊಳಗೆ ಹಿರೋಳ್ಳಿಯ ಬೀಜದ ಸಂಘದ ನಲವತ್ತು ಹೆಣ್ಣುಮಕ್ಕಳು ಕಾದು ಕಾದು, ಕೈಗೆ ಸಿಕ್ಕ ತಳಿ ಬಿತ್ತಿ ಆಗಿತ್ತು. ಮೂರರಲ್ಲೊಂದು ಪಾಲು ಗಿಡ ನೆಟೆಗೆ ಹೋಯಿತು. ಸಂಘದ ಹಿರಿಯಳು ತುಳಜಾಬಾಯಿ ಜಗಳ ಆಡಲಿಲ್ಲ. “ಮೇಡಮ್ಮ, ನಿಮ್ಮ ಉತ್ತರ ಚಲೋನೇ ಅದ. ಆದ್ರ ಊಟ ಮುಗದಮ್ಯಾಲ ಉಪ್ಪು ತಂದು ನೀಡಿದ್ರ ಎಲ್ಲಿ ಹಾಕ್ಕೋಬೇಕು, ತಲೀಮ್ಯಾಲ?” ಎಂದಿದ್ದಳು ಅಷ್ಟೆ.

ಆ ಮಾತಿಗೆ ಶಿವಕಾಂತಾ ನಲವತ್ತು ಜನರ ಎದುರು ಮಾತು ಕೊಟ್ಟಳು. ಬರುವ ವರ್ಷ ಮಿರಗದ ಮಳೆಗೆ ಮುಂಚೆ ಉತ್ತರ ತಂದುಕೊಡುತ್ತೇನೆ, ತಪ್ಪಿದರೆ ನಿಮ್ಮೂರ ಹೊಲಕ್ಕೆ ಮತ್ತೆ ಕಾಲಿಡುವುದಿಲ್ಲ. ಮಿರಗ, ಅಂದರೆ ಬಿತ್ತನೆಯ ಮೃಗಶಿರಾ ಮಳೆ, ಕೂಡುವುದು ಜೂನ್ ಏಳಕ್ಕೆ. ಇವತ್ತು ಮೇ ಹದಿಮೂರು.

ಮನೆಗೆ ಬಂದು ಊಟಕ್ಕೆ ಕೂತರೆ ರೊಟ್ಟಿ ಇಳಿಯಲಿಲ್ಲ. ಮಲಗಿದರೆ ಫ್ಯಾನು ಬಿಸಿಗಾಳಿ ಕಡೆಯಿತು. ಓಣಿ ಪೂರ್ತಿ ನಿದ್ದೆಯಲ್ಲಿತ್ತು. ನಾಯಿ ಸಹ ಗಟಾರದಲ್ಲಿ ಹೊಟ್ಟೆ ಊರಿ ಬಿದ್ದಿತ್ತು. ಶಿವಕಾಂತಾ ಎದ್ದು ಹಾಳೆ ತೆಗೆದು ನೋಡಿದಳು. ಮುನ್ನೂರು, ಎರಡುನೂರಾ ನಲವತ್ತು, ಎರಡುನೂರಾ ಇಪ್ಪತ್ತು. ಲೆಕ್ಕ ಸರಿಯಿತ್ತು. ಮಡಚಿದಳು. ಮತ್ತೆ ಬಿಚ್ಚಿದಳು. ಕಡೆಗೆ ತಲೆಗೆ ಸೆರಗು ಬಿಗಿದು, ನೀರಿನ ಬಾಟಲಿ ತೆಗೆದುಕೊಂಡು ಸ್ಕೂಟಿ ಹೊರತೆಗೆದಳು. ತುಳಜಾಬಾಯಿ ಬೆಳಿಗ್ಗೆ ಫೋನು ಮಾಡಿ, “ಹನ್ನೆರಡೂ ಚೀಲ ಬಿಸಲಿಗಿ ಹಾಕಿ ತಗದಿಟ್ಟೇವಿ. ಯಾವ ನಂಬರಿನ ಬಾಯಿ ಬಿಚ್ಚಬೇಕು ಅಂತ ಹೇಳೂದೊಂದು ನಿಮ್ಮ ಕೆಲಸ,” ಎಂದಿದ್ದಳು. ಅವಳ ಮುಖ ನೋಡಿ ಬಂದರೆ ಸಹಿ ಹಾಕುವ ಧೈರ್ಯವಾದರೂ ಬಂದೀತು ಎಂದುಕೊಂಡಳು. ಖರೇ ಹೇಳಬೇಕೆಂದರೆ, ಸುಮ್ಮನೆ ಕೂರಲು ಆಗಲಿಲ್ಲ.

ಹಿರೋಳ್ಳಿ ಮುಟ್ಟುವಾಗ ನಾಲ್ಕು ದಾಟಿತ್ತು. ತುಳಜಾಬಾಯಿಯ ಪಡಸಾಲೆಯಲ್ಲಿ ನಗೆಯೋ ನಗೆ. ಮೊಮ್ಮಗಳು ಭಾಗ್ಯಾ ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

“ಬರ್ರಿ ಮೇಡಮ್ಮ, ಸರಿಯಾದ ಹೊತ್ತಿಗಿ ಬಂದ್ರಿ. ನಮ್ಮ ಹುಡುಗಿಗಿ ನೋಡಿದ್ದ ಖಜೂರಿ ಊರಿನ ವರಾ ಬ್ಯಾಡಾದ,” ಎಂದು ತುಳಜಾಬಾಯಿ ಚೊಂಬಿನ ನೀರು ಕೊಟ್ಟಳು.

“ಅಯ್ಯ, ಯಾಕಕ್ಕಾ? ಹೋದ ವಾರ ಭಾಳ ಚಲೋ ಮನಿ ಅಂದಿದ್ರಿ.”

“ಹೋದ ವಾರ ಅವರು ಕರದಾಗ ಹೋಗಿದ್ದಿವಿ. ಮುಂಜಾನೆ ಒಂಬತ್ತಕ್ಕ. ಅಂಗಳ ಸಾರಿಸಿದ್ರು, ಅತ್ತಿ ಹಲ್ಲು ತೆರದು ನಗಾಕತ್ತಿದ್ಲು, ವರಾ ಪೌಡರ್ ಹಚ್ಚಿದ್ದ. ಮುಂಜಾನೆ ಯಾವ ವರಾ ಕೆಟ್ಟಿರ್ತಾನ ಹೇಳ್ರಿ? ಅದಕ್ಕ ಇವತ್ತು ಹೇಳದ ಕೇಳದ ಮಧ್ಯಾನ ಎರಡೂವರಿಗಿ ಹೋದೆ. ನಮ್ಮವ್ವನೂ ಹಂಗೇ ನೋಡತಿದ್ಲು. ಬಿಸಲು ನೆತ್ತಿಮ್ಯಾಲ ಇದ್ದಾಗ ಮನಶ್ಯಾ ಹೆಂಗ ಇರ್ತಾನೋ ಅವನೇ ಖರೇ ಮನಶ್ಯಾ.”

“ಏನಾತು ಮತ್ತ?”

“ಏನಾತು! ನಳ ಬಂದಿತ್ತು, ಮುದುಕಿ ಅತ್ತಿ ಕೊಡ ಹೊತ್ತು ಒಳಗ ಹೊಂಟಿದ್ಲು. ಕಾಲು ಎಡವಿ ಕೊಡ ಸಪ್ಪಳಾತು. ಒಳಗ ಮಲಗಿದ್ದ ವರಾ ಎದ್ದು ಹೆತ್ತವ್ವಗ ಬೈದಾನ ನೋಡ್ರಿ, ಆ ಬೈಗಳ ನಾ ನನ್ನ ಎಮ್ಮಿಗೂ ಬೈದಿಲ್ಲ. ಅಂಗಳದಾಗ ನಿಂತು ಎಲ್ಲಾ ಕೇಳಿ, ‘ತಮ್ಮಾ, ನಿದ್ದಿ ಮಾಡಪಾ,’ ಅಂದು ಹೊಳ್ಳಿ ಬಂದೆ.”

“ಆಯಿ, ನೀ ಪೊಲೀಸ್ ಆಗಬೇಕಿತ್ತು ಬೇ,” ಎಂದು ಭಾಗ್ಯಾ ಕಣ್ಣೊರೆಸಿಕೊಂಡಳು.

ಶಿವಕಾಂತಾಳೂ ನಗಲು ಬಾಯಿ ತೆರೆದಳು. ನಗೆ ಅಲ್ಲೇ ನಿಂತಿತು. ಚೊಂಬು ಕೆಳಗಿಟ್ಟಳು. ಮೂರು ಯಂತ್ರ, ಮೂರು ದಿನ. ಒಂದೊಂದನ್ನೂ ಪರೀಕ್ಷೆ ಮಾಡಿದ್ದು ಬೆಳಿಗ್ಗೆ ಎಂಟೂವರೆಯಿಂದ ಒಂದರವರೆಗೆ. ಎಸಿ ತಣ್ಣಗೆ ಬೀಸುವಾಗ, ವೋಲ್ಟೇಜು ತುಂಬಿ ಹರಿಯುವಾಗ, ಎಲ್ಲರೂ ಸ್ನಾನ ಮಾಡಿ ಬಂದಿರುವಾಗ. ಒಂದೂವರೆಗೆ ಕೀಲಿ. ಆದರೆ ಕೆಲಸ ಶುರುವಾದ ಮೇಲೆ ಯಂತ್ರ ಹಗಲು ರಾತ್ರಿ ಓಡಬೇಕು, ಒಂದು ತಾಸು ಬಿಡದೆ. ಮಧ್ಯಾಹ್ನ ಮೂರಕ್ಕೆ ಅವು ಹೇಗಿರುತ್ತವೆ ಎಂದು ಅವಳಾಗಲಿ, ಧರ್ಮರಾಜನಾಗಲಿ, ಭೂಮಿಯ ಮೇಲೆ ಯಾರೇ ಆಗಲಿ ನೋಡಿರಲಿಲ್ಲ.

“ಏನ್ ಮೇಡಮ್ಮ, ಎದ್ರಿ? ಚಾ ಇಟ್ಟಾಳ ಹುಡುಗಿ.”

“ನಾನೂ ಮುಂಜಾನೆ ಹೋಗಿ ವರಾ ನೋಡಿ ಬಂದೇನಿ ಅಕ್ಕಾ,” ಎಂದಳು ಶಿವಕಾಂತಾ.

ಊರ ಹೊರಗಿನ ಬೇವಿನ ಗಿಡದ ಕೆಳಗೆ ಸ್ಕೂಟಿ ನಿಲ್ಲಿಸಿ ಧರ್ಮರಾಜನಿಗೆ ಫೋನು ಮಾಡಿದಳು. ನಿದ್ದೆಗಣ್ಣಿನ ದನಿ ಎತ್ತಿಕೊಂಡಿತು.

“ಧರ್ಮರಾಜ, ನಮ್ಮ ಮಷೀನುಗೋಳು ಮಧ್ಯಾನ ಮೂರಕ್ಕ ಹೆಂಗ ಓಡ್ತಾವ?”

“ಮೇಡಂ, ಮೂರಕ್ಕ ಆಫೀಸೇ ಇರೂದಿಲ್ಲಲ್ರಿ.”

“ಅದಕ್ಕೇ ಕೇಳಾಕತ್ತೇನಿ.”

ಆ ಕಡೆ ಮಂಚ ಕಿರ್ರೆಂದಿತು. ಆಮೇಲೆ, “ಅರೆ ಇವನ,” ಎಂದ ಧರ್ಮರಾಜ. ನಿದ್ದೆ ಬಿಟ್ಟಿತ್ತು.

ಮರುದಿನ ಎಲ್ಲಕ್ಕಿಂತ ಕಷ್ಟವಾದದ್ದು ಕಸ್ತೂರಿಬಾಯಿ. ಮಧ್ಯಾಹ್ನ ಕಚೇರಿ ತೆರೆಯಬೇಕು ಎಂದದ್ದೇ ತಡ, ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆರ್ಡರ್ ಅದ ಏನ್ರಿ? ಬೇಸಿಗಿ ಟೈಮ್ ಅಂದ್ರ ಬೇಸಿಗಿ ಟೈಮ್. ನಾಳೆ ಏನಾರ ಸುಟ್ಟು ಗಿಟ್ಟು ಹೋದ್ರ ‘ಕೀಲಿ ಯಾರ ಹಂತೇಕಿತ್ತು?’ ಅಂತ ಕೇಳ್ತಾರ. ನಿಮ್ಮನ್ನ ಕೇಳೂದಿಲ್ಲ.”

“ನಾ ಬರದು ಕೊಡ್ತೇನಿ. ಜವಾಬ್ದಾರಿ ನಂದು.”

“ಬರದು ಕೊಟ್ರ ಕಾಗದ ನನ್ನ ಹಂತೇಕಿರ್ತದ, ಕೀಲಿ ನಿಮ್ಮ ಹಂತೇಕಿರ್ತದ. ಅದು ಹೆಂಗ ಆಗ್ತದ?”

“ಹಂಗಾದ್ರ ನೀವೂ ಬರ್ರಿ ಬಾಯಿಯವರ. ಕೀಲಿ ನಿಮ್ಮ ಕೈಯಾಗೇ ಇರಲಿ.”

ಇದು ಕಸ್ತೂರಿಬಾಯಿಗೆ ಹೊಳೆದಿರಲಿಲ್ಲ. ತುಟಿ ಬಿಗಿ ಹಿಡಿದು ಶಿವಕಾಂತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮಜ್ಜಿಗಿ ತರ್ತೇನಿ,” ಎಂದಳು ಕಡೆಗೆ. “ನಿಮಗೋಸ್ಕರ ಅಲ್ಲ, ನನಗೋಸ್ಕರ.”

ಶುಕ್ರವಾರ ಎರಡಕ್ಕೆ ಬಾಗಿಲು ತೆರೆದರೆ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು, ರೊಟ್ಟಿ ಸುಡುವ ಹಂಚಿನ ಮುಂದೆ ಬಗ್ಗಿದ ಹಾಗೆ. ಮೇಲೆ ಸ್ಲ್ಯಾಬು, ಅದರ ಮೇಲೆ ಬಿಸಿಲು. ಎಸಿ ಹಾಕಿದರು. ಹತ್ತು ನಿಮಿಷ ಗುರುಗುಟ್ಟಿತು, ಆಮೇಲೆ ಬರೀ ಗಾಳಿ ಬೀಸತೊಡಗಿತು. ಊರಿಗೆ ಊರೇ ಕೂಲರು ಹಾಕಿಕೊಂಡು ಮಲಗಿರುವ ಹೊತ್ತು. ಎರಡುನೂರಾ ಮೂವತ್ತು ತೋರಬೇಕಾದ ಗೋಡೆಯ ವೋಲ್ಟೇಜು ಮೀಟರಿನ ಮುಳ್ಳು ನೂರಾ ಎಪ್ಪತ್ತರಲ್ಲಿ ಕೂತು ಮೇಲೇಳಲೊಲ್ಲದು.

ಮೂರು ಅಂಗಡಿಯವರಿಗೂ ಹೇಳಿಕಳಿಸಿದ್ದಳು. ಅಮರನಾಥ ಕಲಬುರಗಿಯಿಂದ ಕಾರಿನಲ್ಲಿ ಬಂದ, ಇಸ್ತ್ರಿ ಅಂಗಿ ಒಳಗೆ ಬರುವಷ್ಟರಲ್ಲೇ ಬೆನ್ನಿಗೆ ಅಂಟಿತ್ತು. ಎರಡನೆಯ ಕಂಪನಿಯವನು ಬರಲಿಲ್ಲ, ಫೋನಿನಲ್ಲೇ ಒಪ್ಪಿದ. ಅಲ್ತಾಫ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ತನ್ನ ಮನೆಗೇ ಬಂದವನ ಹಾಗೆ ಕಟ್ಟೆಯ ಮೇಲೆ ಕಾಲು ಮಡಚಿ ಕೂತ. ಧರ್ಮರಾಜ ಮೂರೂ ಯಂತ್ರಕ್ಕೆ ಜೇವರ್ಗಿಯ ಒಂದೇ ಫೋಟೋ ಕಟ್ಟು ಹಾಕಿ, ಒಂದೇ ಸಲ ಶುರು ಮಾಡಿದ.

ಎರಡೂವರೆಯವರೆಗೆ ಗಾಜಿನ ಯಂತ್ರವೇ ಮುಂದೆ. ಧರ್ಮರಾಜ ಕಾಲು ಕುಣಿಸತೊಡಗಿದ್ದ. ಶಿವಕಾಂತಾ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಮೀಟರಿಗೆ, ಮೀಟರಿನಿಂದ ಮತ್ತೆ ಕಿಟಕಿಗೆ.

“ಮೇಡಮ್ರಿ, ನೀವು ಹಿಂಗ ತಿರಗತಿದ್ರ ನನಗ ತಲಿ ತಿರಗತದ,” ಎಂದಳು ಬೀಸಣಿಗೆ ಹಿಡಿದ ಕಸ್ತೂರಿಬಾಯಿ.

ಎರಡು ಐವತ್ತಕ್ಕೆ ನೀಲಿ ನೇರಳೆ ದೀಪ ಆರಿತು. ಸದ್ದಿಲ್ಲ, ಹೊಗೆಯಿಲ್ಲ. ಮದುವೆ ಮಂಟಪದಲ್ಲಿ ಕರೆಂಟು ಹೋದ ಹಾಗೆ, ಅಷ್ಟೆ.

“ಕೆಟ್ಟಿಲ್ಲ ಮೇಡಂ,” ಎಂದು ಅಮರನಾಥ ಎದ್ದು ನಿಂತ. “ಬಿಸಿ ಜಾಸ್ತಿ ಆದ್ರ ತನ್ನಷ್ಟಕ್ಕ ತಾನೇ ಬಂದ್ ಆಗ್ತದ. ಇದು ಎಸಿ ರೂಮಿನ ಕೂಸು ರಿ. ಚಲೋ ಎಸಿ, ಸ್ಟೆಬಿಲೈಜರ್ ಹಾಕಿಸ್ರಿ...”

“ನೂರಾ ಎಪ್ಪತ್ತಕ್ಕ ಯಾವ ಚಲೋ ಎಸಿ ಓಡ್ತದ ಅಮರನಾಥ ಅವರ?”

ಅಮರನಾಥ ಮೀಟರು ನೋಡಿ ಮತ್ತೆ ಕೂತ. ಸುಳ್ಳು ಹೇಳುವ ಮನುಷ್ಯ ಅವನಲ್ಲ.

ಎರಡನೆಯದು ನಿಲ್ಲಲಿಲ್ಲ, ಆದರೆ ಏದುಸಿರು ಬಿಡುತ್ತ ತಾಸಿಗೆ ತೊಂಬತ್ತಕ್ಕೆ ಇಳಿಯಿತು. ಮೂರೂ ಮುಕ್ಕಾಲಿಗೆ ಪರದೆಯ ಮೇಲಿನ ಚಿತ್ರ ಕದಲದಾಯಿತು. ಮೂರನೆಯದು, ಆ ಸೊಳ್ಳೆಪರದೆಯ ಡಬ್ಬ, ಬಿಸಿಲಿಗೆ ಹೊರಟ ಎಮ್ಮೆಯ ಹಾಗೆ ಅದೇ ಹೆಜ್ಜೆ, ಅದೇ ಸದ್ದು. ಎರಡುನೂರಾ ಇಪ್ಪತ್ತು. ಮತ್ತೊಂದು ತಾಸಿಗೂ ಎರಡುನೂರಾ ಇಪ್ಪತ್ತು.

“ಏನ್ ಜಾದೂ ಮಾಡೀಯೋ ಅಲ್ತಾಫ?” ಎಂದು ಶಿವಕಾಂತಾ ಕೇಳಿದಳು.

“ಜಾದೂ ಎಲ್ಲಿದು ಮೇಡಂ. ಕಾರ್ಡಿನ ಜೋರು ನಾನೇ ಕಮ್ಮಿ ಮಾಡಿಟ್ಟೇನಿ. ಪೂರಾ ಬಿಟ್ರ ಇದೂ ಮುಂಜಾನೆ ಎರಡನೂರಾ ಅರವತ್ತು ಹೋಗ್ತದ, ಮಧ್ಯಾನ ಕೈ ಎತ್ತತದ. ನನ್ನ ಗಿರಾಕಿ ಎಲ್ಲಾ ಲಗ್ನದವರು. ಲಗ್ನ ಇರೂದೇ ಮೇದಾಗ, ಅಂಗಡಿ ಇರೂದು ತಗಡಿನ ಕೆಳಗ. ಮದುಮಗಳ ವಿಡಿಯೋ ಅರ್ಧಕ್ಕ ನಿಂತ್ರ ಬೀಗರು ನನ್ನ ಮನಿ ತನಕ ಬರ್ತಾರ ರಿ.”

“ಮತ್ತ ಪರೀಕ್ಷಾಕ್ಕಾದ್ರೂ ಪೂರಾ ಬಿಡಬೇಕಿತ್ತಲ್ಲ? ಅಂಕ ಜಾಸ್ತಿ ಬೀಳ್ತಿತ್ತು.”

“ಅಂಕ ತಗೊಂಡು ಏನ್ ಮಾಡ್ಲಿ? ಆಮ್ಯಾಲ ಬೈಗಳಾ ತಿನ್ನೋನು ನಾನೇ ಅಲ್ಲ?”

ಅಮರನಾಥ ಗಂಟಲು ಸರಿಮಾಡಿಕೊಂಡ. “ಜೋರು ಕಮ್ಮಿ ಮಾಡೂದು ನನ್ನ ಮಷೀನಿಗೂ ಆಗ್ತದ ಮೇಡಂ.”

“ಮಾಡ್ರಿ ಹಂಗಾದ್ರ,” ಎಂದಳು ಶಿವಕಾಂತಾ. “ಈಗೇ. ನನಗ ಯಾರ ಮ್ಯಾಲೂ ಹಟ ಇಲ್ಲ.”

ಮಾಡಿದರು. ನಲವತ್ತು ನಿಮಿಷ ಓಡಿತು. ಎರಡು ಕಾರ್ಡು ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. ಬಿಸಿಗಾಳಿ ಹೊರಹೋಗಬೇಕಾದ ಕಡೆ ಚಂದದ ಗಾಜು. ದೀಪ ಮತ್ತೆ ಆರಿತು. ಅಮರನಾಥ ಗಾಜಿನ ಮೇಲೆ ಅಂಗೈ ಇಟ್ಟು ಚುರುಕ್ಕೆಂದು ತೆಗೆದ. ಕಸ್ತೂರಿಬಾಯಿ ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟಳು.

ಅಷ್ಟಕ್ಕೆ ಮುಗಿಯಲಿಲ್ಲ. ಅಂಗಡಿಯವರು ಹೋದ ಮೇಲೆ ಧರ್ಮರಾಜ ಎದುರಿಗೆ ಬಂದು ನಿಂತ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಮುಖ ಕೆಂಪಾಗಿತ್ತು.

“ಮೇಡಂ, ಒಂದು ಮಾತು. ದೊಡ್ಡದನ್ನೇ ತಗೊಳ್ಳೋಣ. ಮಧ್ಯಾನ ಬಂದ್ ಇಡೋಣ. ಸಂಜಿ ಎಂಟರಿಂದ ಮುಂಜಾನೆ ಹತ್ತರ ತನಕ ಓಡಸೋಣ. ಈ ಬ್ಯಾಸಗಿ ಎರಡು ತಿಂಗಳ ಮಾತು. ಉಳದ ಹತ್ತು ತಿಂಗಳ ಅದು ರಾಜಾ ಇದ್ದಂಗ ಇರ್ತದ. ಮುಂದ ನಾವು ಮಾಡೋ ಕೆಲಸಕ್ಕ ಅದೇ ಬೇಕು. ಇದು ಲಗ್ನದ ಡಬ್ಬಿ ರಿ.”

ಮಾತಿನಲ್ಲಿ ಹುರುಳಿತ್ತು. ಅದೇ ತೊಂದರೆ. ಹುರುಳಿಲ್ಲದ ಮಾತನ್ನು ಅಲ್ಲಗಳೆಯುವುದು ಸುಲಭ. ಶಿವಕಾಂತಾ ಅಂಕಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಬರೆದಳು. ದಿನಕ್ಕೆ ಹದಿನಾಲ್ಕು ತಾಸು, ತಾಸಿಗೆ ಮುನ್ನೂರು. ಒಂದು ಲಕ್ಷ ಮುಗಿಯಲು ಇಪ್ಪತ್ತನಾಲ್ಕು ದಿನ. ಡಬ್ಬ ದಿನಕ್ಕೆ ಇಪ್ಪತ್ತನಾಲ್ಕೂ ತಾಸು, ತಾಸಿಗೆ ಎರಡುನೂರಾ ಇಪ್ಪತ್ತು. ಹತ್ತೊಂಬತ್ತು ದಿನ.

“ಸೋಮವಾರ ಶುರು ಮಾಡಿದ್ರ ಮಿರಗಕ್ಕ ಇಪ್ಪತ್ತು ದಿನ ಉಳೀತಾವ,” ಎಂದಳು. “ನೀ ಹೇಳಿದ ದಾರಿಗೆ ಇಪ್ಪತ್ನಾಕು ಬೇಕು. ಮುಂದಿನ ಹತ್ತು ತಿಂಗಳ ಮಾತು ಖರೇ ಅದ ಧರ್ಮರಾಜ. ಆದ್ರ ನಾ ಮಾತು ಕೊಟ್ಟದ್ದು ಈ ತಿಂಗಳಿಗೆ.”

“ನಾಕು ದಿನದ್ದ ಫರಕ್ ಮೇಡಂ.”

“ಹೋದ ವರ್ಷನೂ ಹಂಗೇ ಅಂದಿದ್ದಿವಿ. ಒಂದು ವಾರ, ಎರಡು ವಾರ ಅಂತ.”

ಅವಳು ಪೆನ್ನಿನ ಟೋಪಿ ತೆಗೆದು, ಖಾಲಿ ಜಾಗದಲ್ಲಿ ‘ಮೂರನೆಯದು’ ಎಂದು ಬರೆದು ಸಹಿ ಹಾಕಿದಳು. ಮಧ್ಯಾಹ್ನದ ಅಂಕಿಗಳನ್ನು ಪಕ್ಕದಲ್ಲಿ ಬರೆಯಲು ಧರ್ಮರಾಜನ ಕೈಗೆ ಕೊಟ್ಟಳು. ಅವನು ಒಂದೂ ಬಿಡದೆ ಬರೆದ, ಗಾಜಿನ ಯಂತ್ರ ಎರಡನೆಯ ಸಲ ಆರಿದ ನಿಮಿಷವನ್ನೂ ಬರೆದ. ಮುಖ ಮಾತ್ರ ಮೂರು ದಿನ ಬಿಗಿದೇ ಇತ್ತು. ಖರೀದಿ ಸಮಿತಿಯವರು ಶನಿವಾರ ಆ ಹಾಳೆ ನೋಡಿ, “ಮಧ್ಯಾನದ ಪರೀಕ್ಷಾ ಯಾಕ?” ಎಂದು ಕೇಳಿದಾಗ, ಅವಳು ಬಾಯಿ ತೆರೆಯುವ ಮುಂಚೆ, “ನೀವು ಮೂರು ಗಂಟೆಗೆ ಬಂದು ಒಂದ್ಸಲ ಆ ರೂಮಿನಾಗ ಕೂಡ್ರಿ ಸರ್,” ಎಂದವನೂ ಅವನೇ. ಸಮಿತಿಯವರು ಕೂರಲಿಲ್ಲ, ಒಪ್ಪಿದರು.

ಸೋಮವಾರ ಕೆಲಸ ಶುರುವಾಯಿತು. ಶಿವಕಾಂತಾಳ ಚಡಪಡಿಕೆ ಅದರಿಂದ ಕಡಿಮೆಯಾಗಲಿಲ್ಲ, ಬೇರೆ ಬಟ್ಟೆ ಉಟ್ಟುಕೊಂಡಿತು. ದಿನವೂ ಮೂರಕ್ಕೆ ಬಿಸಿಲಲ್ಲಿ ಬಂದು, ಕಸ್ತೂರಿಬಾಯಿಯಿಂದ ಕೀಲಿ ತೆಗೆಸಿ, ಡಬ್ಬದ ಹಿಂದೆ ಅಂಗೈ ಹಿಡಿದು ಬರುವ ಗಾಳಿ ನೋಡುತ್ತಿದ್ದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ವಾರಕ್ಕೆರಡು ಸಲ ಅಲ್ತಾಫ ಬಂದು ಪರದೆ ಬಿಚ್ಚಿ, ಕರೀ ಮಣ್ಣಿನ ಧೂಳು ಝಾಡಿಸಿ, ಮತ್ತೆ ಅಂಟಿಸುತ್ತಿದ್ದ. ಕೋಣೆಗೆ ಗಾಳಿಯಾಡಲು ಹಿಂದಿನ ಕಿಟಕಿ ತೆರೆದಿಡಬೇಕೆಂದಾಗ ಕಸ್ತೂರಿಬಾಯಿ ಎರಡು ದಿನ ಊಟ ಬಿಟ್ಟವರ ಹಾಗಿದ್ದಳು. ಮೂರನೆಯ ದಿನ ತಾನೇ ಕಬ್ಬಿಣದ ಜಾಳಿಗೆ ಹೊಡೆಸಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕಿಟಕಿ ತೆರೆದಿಟ್ಟು ಮನೆಗೆ ಹೋದಳು. ಅವತ್ತು ಸಂಜೆ ಎರಡು ಸಲ ಬಂದು ಹೊರಗಿನಿಂದಲೇ ನೋಡಿ ಹೋದಳಂತೆ.

ಜೂನ್ ಎರಡರ ಸಂಜೆ ಗಾಳಿ ಎದ್ದಿತು. ಆಳಂದದಿಂದ ಆಚೆ ಕಂಬ ಉರುಳಿ ಒಂಬತ್ತು ತಾಸು ಕರೆಂಟಿಲ್ಲ. ಬ್ಯಾಟರಿ ಅರ್ಧ ತಾಸಿಗೆ ಮುಗಿಯಿತು. ಶಿವಕಾಂತಾ ಕತ್ತಲಾದ ಪರದೆಯ ಮುಂದೆ ಕೂತು ಬೆರಳು ಮಡಚಿದಳು: ಒಂದು ದಿನ ಕೈಯಲ್ಲಿತ್ತು, ಅದರಲ್ಲಿ ಒಂಬತ್ತು ತಾಸು ಹೋಯಿತು. ಇಲ್ಲಿಯವರೆಗಿನ ಎಣಿಕೆಯೂ ಹೋಗಿದ್ದರೆ?

“ಹೋಗಿರೂದಿಲ್ಲ ಮೇಡಂ,” ಎಂದ ಧರ್ಮರಾಜ. “ನೂರು ಫೋಟೋಕ್ಕೊಮ್ಮೆ ಬರದಿಡು ಅಂತ ಹೇಳೇನಿ ಅದಕ್ಕ.” ಪರದೆಯ ಧೂಳು ಒರೆಸುತ್ತ, “ಗಾಜಿಂದು ತಗೊಂಡಿದ್ರ ಇವತ್ತು ರಾತ್ರಿ ಪೂರಾ ಹೋಗತಿತ್ತು. ಅದು ಓಡೂದೇ ರಾತ್ರಿ,” ಎಂದ. ಅಷ್ಟು ಹೇಳಲು ಅವನಿಗೆ ಹದಿನೆಂಟು ದಿನ ಹಿಡಿದಿತ್ತು. ಅವಳು ಕೇಳಿಸದವಳ ಹಾಗೆ ಮೀಟರು ನೋಡಿದಳು.

ಜೂನ್ ಆರರ ಬೆಳಿಗ್ಗೆ ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಒಂಬತ್ತಕ್ಕೆಲ್ಲ ತುಳಜಾಬಾಯಿಯ ಫೋನು. “ಮೇಡಮ್ಮ, ಚೀಲದ ಮುಂದ ಕೂತೇವಿ.” ಶಿವಕಾಂತಾ, “ಇವತ್ತ ಹೇಳ್ತೇನಿ,” ಎಂದಳು. ಹನ್ನೊಂದಕ್ಕೆ ಮತ್ತೆ. “ಇನ್ನೂ ಇವತ್ತೇ ಅದ ಅಕ್ಕಾ.” ಎರಡಕ್ಕೆ ಮೂರನೆಯ ಸಲ ಬಂದಾಗ ಅವಳು ಎತ್ತಲಿಲ್ಲ. ಹಿರೋಳ್ಳಿಯ ಲೆಕ್ಕ ಮುಗಿದಿತ್ತು, ಚೌಡಾಪುರದ್ದೂ ಮುಗಿದಿತ್ತು. ಆದರೆ ಜೇವರ್ಗಿಯ ಸಾಲು ಸೇರದೆ ಪಟ್ಟಿ ಪೂರ್ತಿ ಅಲ್ಲ, ಪೂರ್ತಿಯಲ್ಲದ ಉತ್ತರ ಕೊಟ್ಟು ಇನ್ನೊಂದು ಸಲ ಉಪ್ಪಿನ ಮಾತು ಕೇಳಲು ಅವಳು ತಯಾರಿರಲಿಲ್ಲ. ಜೂನ್ ಬಂದಿದ್ದರಿಂದ ಕಚೇರಿ ಸಂಜೆಯವರೆಗೂ ತೆರೆದಿತ್ತು. ಆದರೂ ಒಂದೂವರೆಗೆ ಕಸ್ತೂರಿಬಾಯಿಯ ಕೈ ಅಭ್ಯಾಸಬಲದಿಂದ ಗೊಂಚಲಿಗೆ ಹೋಗಿ ವಾಪಸು ಬಂದದ್ದನ್ನು ಎಲ್ಲರೂ ನೋಡಿದರು.

ಮೂರು ಹೊಡೆದು ಹತ್ತು ನಿಮಿಷಕ್ಕೆ ಕೊನೆಯ ನೂರು ಫೋಟೋ ಮುಗಿದವು. ಧರ್ಮರಾಜ ಪಟ್ಟಿ ಓದಿದ, ಓದಿದ್ದನ್ನೇ ಮತ್ತೆ ಓದಿದ. ಶಿವಕಾಂತಾ ಐದು ವರ್ಷ ಸಾಕಿದ ಹನ್ನೊಂದನೆಯ ತಳಿ ಮೂರೂ ಹೊಲದಲ್ಲಿ ಹಿಂದೆ ಬಿದ್ದಿತ್ತು. ಹಿರೋಳ್ಳಿಯಲ್ಲೂ ಚೌಡಾಪುರದಲ್ಲೂ ನಿಂತದ್ದು ನಾಲ್ಕನೆಯದು. ಜೇವರ್ಗಿಯ ಮಣ್ಣಿಗೆ ಒಂಬತ್ತನೆಯದು. ಹನ್ನೊಂದರ ಮುಂದಿನ ಅಂಕಿಯ ಮೇಲೆ ಅವಳ ಬೆರಳು ಅರೆಗಳಿಗೆ ನಿಂತಿತು. ಆಮೇಲೆ ಫೋನು ತೆಗೆದುಕೊಂಡಳು.

“ಅಕ್ಕಾ, ನಾಕನೇ ಚೀಲ ಬಿಚ್ರಿ.”

“ನಾಕನೇದಾ? ನೀವು ಹನ್ನೊಂದು, ಹನ್ನೊಂದು ಅಂತಿದ್ರಿ.”

“ಅಂತಿದ್ದೆ. ಅದು ನನ್ನ ಮುಂಜಾನೆ ವರಾ.”

ಆ ಕಡೆ ತುಳಜಾಬಾಯಿ ನಕ್ಕಳು. ಮರುಕ್ಷಣ ಅನುಮಾನದ ದನಿ. “ಖರೇ ನೋಡೀರಿಲ್ಲ ಮೇಡಮ್ಮ? ಬಿಸಲು ನೆತ್ತಿಮ್ಯಾಲ ಇದ್ದಾಗ?”

“ಹತ್ತೊಂಬತ್ತು ದಿನ ದಿನಾ ನೋಡೇನಿ ಅಕ್ಕಾ. ಬಿಚ್ರಿ.”

ಫೋನಿನೊಳಗೆ ಯಾರೋ ಚೀಲ ಎಳೆದ ಸದ್ದು, ಭಾಗ್ಯಾ “ನಾಕು, ನಾಕು!” ಎಂದು ಕೂಗಿದ ಸದ್ದು, ಹೆಂಗಸರ ಗದ್ದಲ. ತುಳಜಾಬಾಯಿ ಹೇಳದೆಯೇ ಫೋನು ಇಟ್ಟಳು. ಅವಳಿಗೆ ಕೆಲಸವಿತ್ತು.

ಚೌಡಾಪುರಕ್ಕೆ ಧರ್ಮರಾಜ ಫೋನು ಹಚ್ಚಿದ, ಜೇವರ್ಗಿಗೆ ಶಿವಕಾಂತಾ ಹಚ್ಚಿದಳು. ಮಾತಾಡುತ್ತಲೇ ಅವಳ ಇನ್ನೊಂದು ಕೈ ಡಬ್ಬದ ಹಿಂದೆ ಹೋಗಿತ್ತು. ಕೆಲಸ ಮುಗಿದಿದ್ದರೂ ಗಾಳಿ ಇನ್ನೂ ಬೆಚ್ಚಗೆ ಬರುತ್ತಿತ್ತು.

“ಇನ್ನ ಆರಸ್ತೀರೋ ಹಂಗೇ ಬಿಡ್ತೀರೋ?” ಎಂದು ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಕೇಳಿದಳು. “ಮಳಿ ಬರ್ಲಿಕತ್ತದ. ಕಿಟಕಿ ಹಾಕಬೇಕು.”